ಒಂದೇ ಒರಳಿಗೆ ಮೂರು ಒನಕೆ

ಎಂ.ಎಸ್ಸಿ. ಗಣಿತಕ್ಕೆ ಸೇರಿದ ವರ್ಷ ನನ್ನ ಕಾಲು ನೆಲದ ಮೇಲಿರಲಿಲ್ಲ. ಕಂಡದ್ದಕ್ಕೆಲ್ಲ ಚುಕ್ಕಿ ಇಟ್ಟು ಗೆರೆ ಎಳೆಯುವ ಹುಚ್ಚು. ಧಾರವಾಡದ ನಮ್ಮ ಕೂಡುಮನೆಯಲ್ಲಿ ಮೂವರು ಹೆಂಗಸರು: ಅವ್ವ, ಕಾಕಾನ ಹೆಂಡತಿ ಚಿಗವ್ವ, ಗಂಡ ತೀರಿದ ಮೇಲೆ ತವರಿಗೆ ಬಂದಿದ್ದ ಸೋದರತ್ತೆ. ಅತ್ತೆಗೆ ಅವ್ವನ ಜೊತೆಯೂ ಜಗಳ, ಚಿಗವ್ವನ ಜೊತೆಯೂ ಜಗಳ. ಅವ್ವ, ಚಿಗವ್ವ ಮಾತ್ರ ಒಮ್ಮೆಯೂ ಜಗಳವಾಡಿದ್ದಿಲ್ಲ.

ಅಪ್ಪ ಬೇಸತ್ತು ಕೇಳಿದ: "ಇಷ್ಟ ಓದೀದಿ, ನೀನರ ಹೇಳಪಾ, ಏನ್ ಮಾಡೂಣು?"

ಹಾಳೆಯ ಮೇಲೆ ಮೂರು ಚುಕ್ಕಿ ಇಟ್ಟೆ. ಇಬ್ಬಿಬ್ಬರ ನಡುವೆ ಒಂದೊಂದು ಗೆರೆ. ಜಗಳದ ಗೆರೆ ಎರಡೂ ಅತ್ತೆಯಿಂದಲೇ ಹೊರಟಿದ್ದವು.

"ಅತ್ತಿ ಅಮ್ಮಿನಬಾವಿಗೆ ಹೋದರ ಎರಡೂ ಗೆರಿ ಹೋಗ್ತಾವ. ಉಳಿದದ್ದು ಛಲೋನ ಐತಿ," ಎಂದೆ. ಅಲ್ಲಿ ಆಕೆಯ ಗಂಡನ ಮನೆಯವರಿದ್ದರು. ಎಂಟು ದಿನದೊಳಗೆ ಅಪ್ಪ ಆಕೆಯನ್ನು ಬಿಟ್ಟು ಬಂದ.

ಜಗಳವೇನೋ ನಿಂತಿತು. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟುವ ದಿನ ಬಂತು. ಅಲ್ಲಿಯವರೆಗೆ ಮೂವರೂ ಒಂದೇ ಒರಳಿಗೆ ಒನಕೆ ಹಾಕುತ್ತಿದ್ದರು, ಸೀನುತ್ತ, ಒಬ್ಬರನ್ನೊಬ್ಬರು ಛೇಡಿಸುತ್ತ. ಬೆಳಗಿನ ಜಗಳವೂ ಆ ನಗುವಿನಲ್ಲೇ ಕರಗುತ್ತಿತ್ತು. ಈ ಸಲ ಎರಡು ಒನಕೆ ತಾಳ ಸಿಗದೆ ಒಂದಕ್ಕೊಂದು ಬಡಿದವು. ಇಬ್ಬರೂ ತುಟಿ ಬಿಚ್ಚಲಿಲ್ಲ. ಉಳಿದ ಮೆಣಸಿನಕಾಯಿ ಗಿರಣಿಗೆ ಹೋಯಿತು. ಅವರಿಬ್ಬರ ನಡುವೆ ಜಗಳ ಇರದಿದ್ದದ್ದು ಮಾತೇ ಇಲ್ಲದ್ದರಿಂದ ಎಂದು ನನಗೆ ಆಗ ಹೊಳೆಯಿತು. ಎರಡು ವರ್ಷಕ್ಕೆ ಮನೆಯಲ್ಲಿ ಎರಡು ಒಲೆ ಹೂಡಿದರು.

ಎರಡು ಸಾವಿರನೇ ಇಸವಿಯ ಈಚೆಗೆ, ಪಿಎಚ್.ಡಿ.ಗೆಂದು ಜಾಲಗಳ ಗಣಿತ ಓದುವಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಮೂರು ಗೆರೆ ಎಳೆದರೆ ಸಿಗುವುದು ತ್ರಿಕೋನದ ಅಂಚು ಮಾತ್ರ. ಒಳಗಿನ ಜಾಗ ಬೇರೆಯೇ. ಮೂವರು ಕೂಡಿದಾಗ ನಡೆಯುವುದನ್ನು ಇಬ್ಬಿಬ್ಬರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅತ್ತೆಯನ್ನು ಕರೆತರುತ್ತೇನೆಂದು ಮನೆಯಲ್ಲಿ ಹೇಳಿ ಮರುದಿನವೇ ಅಮ್ಮಿನಬಾವಿಯ ಬಸ್ಸು ಹತ್ತಿದೆ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಮನೆಗೆ ನಡಿ ಎಂದೆ. ಸೊರಗಿದ ಕೈ ಮುಂದೆ ಹಿಡಿದಳು.

"ಒನಕಿ ಎತ್ತಾಕ ಆಗೂದಿಲ್ಲೋ ಈಗ. ಬಂದು ಏನ್ ಮಾಡ್ಲಿ?"

"ಜಗಳಾನರ ಆಡು ಬಾ ಅತ್ತಿ."

ಆಕೆ ನಕ್ಕಳು, ಏಳಲಿಲ್ಲ. ಹಾಳೆಯ ಸಂಗತಿ ಆಕೆಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ, ಆ ನಾಚಿಕೆ ಇಂದಿಗೂ ಹೋಗಿಲ್ಲ.

ಮನೆಗೆ ಬಂದಾಗ ಒಂದು ಬಾಗಿಲಿನಿಂದ ಅವ್ವ, ಇನ್ನೊಂದರಿಂದ ಚಿಗವ್ವ ಅಂಗಳಕ್ಕೆ ಓಡಿ ಬಂದರು.

"ಕರಕೊಂಡ ಬಂದಿಲ್ಲೇನು?" ಇಬ್ಬರೂ ಒಟ್ಟಿಗೇ ಕೇಳಿದರು.

ಇಲ್ಲವೆಂದೆ. ಒಬ್ಬರ ಮುಖ ಒಬ್ಬರು ನೋಡದೆ, ತಮ್ಮ ತಮ್ಮ ಒಲೆಯ ಕಡೆಗೆ ಹೋದರು.