ಬಾಯಮ್ಮನ ಕಣ್ಣು, ಮಾವನ ಸೆಕೆ

ನನಗೆ ಮಿಮಿಕ್ರಿಯ ಹುಚ್ಚು ಹತ್ತಿದ್ದ ಕಾಲ ಅದು, ತೊಂಬತ್ತರ ದಶಕ. ಬಂದ್ಯೋಡಿನ ಸುತ್ತಮುತ್ತ ಯಾವ ಕ್ಲಬ್ಬಿನ ವಾರ್ಷಿಕೋತ್ಸವ ಇದ್ದರೂ ಕಾಲು ಗಂಟೆ ನನಗೆ ಸಿಗುತ್ತಿತ್ತು. ನಾಟಕದವರು ಬಣ್ಣ ಹಚ್ಚಿಕೊಳ್ಳುವವರೆಗೆ ಜನ ಎದ್ದು ಹೋಗಬಾರದಲ್ಲ, ಅದಕ್ಕೆ. ಬಸ್ಸಿನ ಕಂಡಕ್ಟರು, ರೇಷನ್ ಅಂಗಡಿಯವರು, ಮೈಕ್ ಕಟ್ಟುವವರು, ಎಲ್ಲರ ದನಿಯೂ ನನ್ನ ಗಂಟಲಲ್ಲಿತ್ತು. ನಿನ್ನ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಜನ ‘ಒನ್ಸ್ ಮೋರ್’ ಕೂಗುತ್ತಿದ್ದ ಐಟಂ ಒಂದೇ, ಬಾಯಮ್ಮ. ನಾವು ತುಳುವರು ಕ್ರಿಸ್ತುವ ಹೆಂಗಸರನ್ನು ಬಾಯಮ್ಮ ಎನ್ನುವುದು, ಗಂಡಸರನ್ನು ಪೊರ್ಬುಗಳು. ಈ ಬಾಯಮ್ಮ, ಅವರ ಗಂಡ ಪೊರ್ಬುಗಳು ನಮ್ಮ ನೆರೆಮನೆಯವರು, ಬಾಯಮ್ಮನಿಗೆ ಜಂಕ್ಷನ್ನಿನಲ್ಲಿ ಹೊಲಿಗೆ ಅಂಗಡಿ ಇತ್ತು. ವಯಸ್ಸು ಅರುವತ್ತು ದಾಟಿದರೂ ಕನ್ನಡಕವಿಲ್ಲದೆ ಸೂಜಿಗೆ ನೂಲು ಏರಿಸುತ್ತಿದ್ದರು. ಅವರು ಬಟ್ಟೆ ಕತ್ತರಿಸುವಾಗ ಯಾರಾದರೂ ಸೆಕೆಯೆಂದು ಫ್ಯಾನ್ ಹಾಕಿದರೆ ಮುಗಿಯಿತು, ತಲೆ ಎತ್ತದೆಯೇ ಒಂದು ಕೂಗು: “ಫ್ಯಾನ್ ಬಂದ್! ತುಂಡೆಲ್ಲ ಹಾರ್ತದೆ. ನಿಮ್ಮ ರವಿಕೆಗೆ ಒಂದೇ ಕೈ ಸಾಕಾ?” ಆ ಕೂಗಿಗೆ ಪಂಚಾಯತು ಮೆಂಬರರೂ ಸ್ವಿಚ್ಚಿಗೆ ಓಡಿದ್ದನ್ನು ನಾನು ಕಂಡಿದ್ದೇನೆ.

ಒಮ್ಮೆ ಅವರೇ ಮುಂದಿನ ಸಾಲಿನಲ್ಲಿ ಕೂತು ನನ್ನ ಐಟಂ ನೋಡಿದರು. ಮರುದಿನ ಅಂಗಡಿಗೆ ಕರೆದಾಗ ಬೈಗುಳಕ್ಕೆ ತಯಾರಾಗಿಯೇ ಹೋದೆ. “ಪುತಾ, ನನ್ನ ದನಿ ಅಷ್ಟು ಸಪೂರ ಇಲ್ಲ. ಹೊಟ್ಟೆಯಿಂದ ತೆಗಿ,” ಎಂದು ಎರಡು ಸಲ ಕೂಗಿ ತೋರಿಸಿದರು. ಆಮೇಲೆ, ಮಿಕ್ಕಿದ ಸಿಲ್ಕ್ ತುಂಡಿನ ವಿಷಯ ಹೇಳುವಷ್ಟೇ ಹಗುರಾಗಿ, ಮಂಗಳೂರಿನ ಆಸ್ಪತ್ರೆಗೆ ಕಣ್ಣು ದಾನ ಬರೆದುಕೊಟ್ಟ ಸುದ್ದಿ ಹೇಳಿದರು. “ಇಷ್ಟು ಒಳ್ಳೆ ಮಾಲು, ಮಣ್ಣಿಗೆ ಹಾಕ್ಲಿಕ್ಕೆ ಮನಸ್ಸು ಬರುದಿಲ್ಲ. ನಮ್ಮ ಪೊರ್ಬುಗಳು ಆ ಹೊತ್ತಿಗೆ ಅಳ್ತಾ ಕೂತ್ರೆ ಫೋನ್ ನೀನು ಮಾಡ್ಬೇಕು, ಆಯ್ತಾ?”

ಒಂದು ಏಪ್ರಿಲಿನ ಮಧ್ಯಾಹ್ನ ಊಟ ಮಾಡಿ ಮಲಗಿದ ಬಾಯಮ್ಮ ಏಳಲಿಲ್ಲ. ಊರಿನ ಡಾಕ್ಟರು ಬಂದು ನೋಡಿ ತಲೆಯಾಡಿಸಿದರು. ನಾನು ಎಸ್‌ಟಿಡಿ ಬೂತಿಗೆ ಓಡಿದೆ. ಆ ಕಡೆಯಿಂದ ಮಾತಾಡಿದ್ದು ಒಬ್ಬ ಹೆಂಗಸು, ಕಣ್ಣಿನ ಡಾಕ್ಟರು. “ನಾವು ಹೊರಡ್ತೇವೆ. ಕಣ್ಣಿನ ಕಪ್ಪಿನ ಮೇಲೆ ಗಾಜಿನ ಹಾಗೆ ಒಂದು ಪರದೆ ಉಂಟಲ್ಲ, ಕಾರ್ನಿಯಾ, ಅದು ಒಣಗ್ಬಾರದು. ಒಣಗಿದರೆ ನಾವು ಬಂದೂ ಪ್ರಯೋಜನ ಇಲ್ಲ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ. ತಲೆಯಡಿಗೆ ದಿಂಬು. ಹಣೆ ಮೇಲೆ ಐಸ್. ಮುಖ್ಯ ವಿಷಯ, ಫ್ಯಾನ್ ಹಾಕ್ಲೇಬೇಡಿ.”

ಆ ಸಂಕಟದಲ್ಲೂ ನನಗೆ ನಗು ಬಂದುಬಿಟ್ಟಿತು.

ಐಸ್ ಕೊಟ್ಟದ್ದು ಮಾರ್ಕೆಟಿನಲ್ಲಿ ಮೀನು ಮಾರುವ ಬ್ಯಾರಿ. ಮೀನಿನ ಪೆಟ್ಟಿಗೆಯ ಐಸನ್ನು ಮುಟ್ಟದೆ, ಮರದ ಹೊಟ್ಟಿನಡಿ ಇಟ್ಟಿದ್ದ ಹೊಸ ಗಡ್ಡೆಯನ್ನೇ ಒಡೆದು ಪ್ಲಾಸ್ಟಿಕ್ಕಿಗೆ ತುಂಬಿಸಿದರು. “ಇದು ಬಂಗುಡೆ ಮುಟ್ಟದ್ದು, ಬಾಯಮ್ಮನಿಗೆ.”

ನಾನು ಮರಳುವಷ್ಟರಲ್ಲಿ ಮನೆ ತುಂಬಿತ್ತು. ಪ್ರಾರ್ಥನೆ ಶುರುವಾಗಿತ್ತು. ಹಂಚಿನಡಿಯ ಸೆಕೆಗೆ ಎಲ್ಲರೂ ಬೆಂದುಹೋಗಿದ್ದರು. ಸ್ವಿಚ್ಚಿನ ಪಕ್ಕದ ಕುರ್ಚಿಯಲ್ಲಿ ನನ್ನ ಸೋದರಮಾವ. ದೇವರು ಅವರಿಗೆ ಮೈ ಕೊಡುವಾಗ ಅಳತೆ ಟೇಪು ಮರೆತು ಬಂದಿರಬೇಕು. ತಲೆಯ ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು.

ಬಂದ್ ಮಾಡಿದೆ. ರೆಪ್ಪೆಗೆ ಒದ್ದೆ ಹತ್ತಿ, ಹಣೆಗೆ ಐಸ್ ಇಟ್ಟು ಹಿಂದೆ ತಿರುಗುವಷ್ಟರಲ್ಲಿ ಮಾವ ಮತ್ತೆ ಹಾಕಿದ್ದರು.

“ಮಾವ, ಕಣ್ಣು ಒಣಗ್ತದೆ. ಡಾಕ್ಟರು ಹೇಳಿದ್ದಾರೆ.”

“ಮುಚ್ಚಿದ ಕಣ್ಣು ಎಂತ ಒಣಗುದು ಮಾರಾಯ? ಸತ್ತವರಿಗೆ ಗಾಳಿ ಬೇಡ, ಬದುಕಿದವರಿಗೂ ಬೇಡ್ವಾ?”

“ನಿಜವಾಗಿ ಹೇಳಿದ್ದು ಮಾವ!”

“ನಿನ್ನದು ಯಾವುದು ನಿಜ, ಯಾವುದು ಐಟಂ, ಯಾರಿಗೆ ಗೊತ್ತು?”

ಇಬ್ಬರು ಮೂವರು ಹೌದೆಂದು ತಲೆಯಾಡಿಸಿದರು. ಊರವರನ್ನೆಲ್ಲ ಅಣಕಿಸಿ ಗಳಿಸಿದ ಮರ್ಯಾದೆ ಅಷ್ಟು. ಪೊರ್ಬುಗಳು ಕೈಯಲ್ಲಿ ಜಪಸರ ಹಿಡಿದು ಕೂತಿದ್ದರು. ಎಡಗಣ್ಣಿನ ಹತ್ತಿಯ ಅಂಚು ಆಗಲೇ ಒಣಗಿ ಗಾಳಿಗೆ ಏಳುತ್ತಿತ್ತು. ಅದನ್ನು ಒದ್ದೆ ಮಾಡಿ ಕೂರಿಸಿದೆ, ಪುನಃ ಎದ್ದಿತು. ಆಸ್ಪತ್ರೆಯ ಜೀಪು ಬರುವ ಸುಳಿವಿಲ್ಲ. ಆ ಕಣ್ಣು ಹೀಗೇ ನಮ್ಮ ಸೆಕೆಗೆ ಹಾಳಾಗುವುದೇ ಎಂದು ಯೋಚಿಸುವಾಗ ಹೊಟ್ಟೆಯಿಂದ ಬಂದೇಬಿಟ್ಟಿತು.

“ಫ್ಯಾನ್ ಬಂದ್!”

ಪ್ರಾರ್ಥನೆ ನಿಂತಿತು. ಮಾವನ ಕೈ ಮಾವನನ್ನು ಕೇಳದೆಯೇ ಸ್ವಿಚ್ಚಿಗೆ ಹೋಯಿತು. ಹಿಂದೆ ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಫ್ಯಾನು ನಿಧಾನವಾಗಿ ನಿಂತಿತು. ನೆಲ ಬಾಯ್ಬಿಟ್ಟರೆ ಇಳಿದುಬಿಡೋಣ ಅನಿಸಿತು.

ಪೊರ್ಬುಗಳು ತಲೆಯೆತ್ತಿ ನನ್ನನ್ನೇ ನೋಡಿದರು. “ಇನ್ನೂ ಸ್ವಲ್ಪ ಸಪೂರ ಆಯ್ತು ಪುತಾ,” ಎಂದರು. ಮತ್ತೆ ಎಲ್ಲರ ಕಡೆ ತಿರುಗಿ, “ಯಾರೂ ಆ ಸ್ವಿಚ್ ಮುಟ್ಬೇಡಿ.”

ಜೀಪು ಬಂದಾಗ ಬಿಸಿಲು ಇಳಿದಿತ್ತು. ದಾರಿಯಲ್ಲಿ ಲಾರಿ ಕೆಟ್ಟು ನಿಂತಿತ್ತಂತೆ. ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಟಾರ್ಚು ಬಿಟ್ಟು ನೋಡಿದರು, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮತ್ತೆ ಒಳಗೆ ಹೋದಾಗ ಬಾಯಮ್ಮ ಮೊದಲಿನ ಹಾಗೆಯೇ ಮಲಗಿದ್ದರು. ರೆಪ್ಪೆಯಲ್ಲಿ ಒಂದು ಸುಕ್ಕೂ ಹೆಚ್ಚಾಗಿರಲಿಲ್ಲ. ಅಷ್ಟು ನಾಜೂಕಿನ ಕೈಯನ್ನು ನಾನು ಅಲ್ಲಿವರೆಗೆ ಕಂಡಿದ್ದು ಬಾಯಮ್ಮನ ಹೊಲಿಗೆ ಮೆಷಿನ್ನಿನ ಮೇಲೆ ಮಾತ್ರ.

ಎರಡು ಗಾಜಿನ ಬಾಟಲಿಗಳ ತಳದಲ್ಲಿ ಒದ್ದೆ ಬಟ್ಟೆ, ಅದರ ಮೇಲೆ ಒಂದೊಂದು ಕಣ್ಣು. ಬಾಟಲಿಗಳ ಸುತ್ತ ಐಸ್ ಜೋಡಿಸುತ್ತಾ ಡಾಕ್ಟರು ಹೇಳಿದರು: “ತಂಪು ಬೇಕು, ಆದ್ರೆ ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ಒಳಗಿನ ಜೀವಕೋಶ ಒಡೀತದೆ. ಹೀಗೆ ಇಟ್ಟರೂ ತುಂಬ ಹೊತ್ತು ಉಳಿಯುದಿಲ್ಲ. ನಾಳೆಯೇ ಇಬ್ಬರಿಗೆ ಹಾಕ್ಬೇಕು.” ಗಾಳಿ, ಸೆಕೆ, ಐಸ್, ಗಡಿಯಾರ, ಎಲ್ಲದರ ಜೊತೆ ಏಕಕಾಲಕ್ಕೆ ಜಗಳವಾಡುವ ಆ ಕೆಲಸವನ್ನು ಅವರು ದನಿ ಏರಿಸದೆ ಮಾಡುತ್ತಿದ್ದರು. ಅಣಕಿಸಲು ನನಗೆ ಏನೂ ಸಿಗಲಿಲ್ಲ.

ಪೆಟ್ಟಿಗೆ ಮುಚ್ಚಿ ಎದ್ದು ಕೇಳಿದರು: “ಇಂಥ ಸೆಕೆಯಲ್ಲಿ ಕಾರ್ನಿಯಾ ಇಷ್ಟು ಚೆನ್ನಾಗಿ ಉಳಿದದ್ದು ಅಪರೂಪ. ಯಾರು ನೋಡಿಕೊಂಡದ್ದು?”

ಮಾವ ಗಂಟಲು ಸರಿಮಾಡಿಕೊಂಡರು. ನಾನೂ ಎದೆ ಸ್ವಲ್ಪ ಮುಂದೆ ಮಾಡಿದೆ, ಸುಳ್ಳು ಯಾಕೆ.

ಪೊರ್ಬುಗಳು ಮಂಚದ ಕಡೆ ನೋಡಿ ಹೇಳಿದರು: “ಅವಳೇ.”