ಪೂಜೆಯ ಮರುದಿನ ಮುನಿದ ಟ್ರ್ಯಾಕ್ಟರ್

ಮೊನ್ನೆ ವಿಜಯದಶಮಿಯ ದಿನ ನನ್ನ ಮದುವೆಯ ರೇಷ್ಮೆ ಸೀರೆಗೆ ಡೀಸೆಲ್ ಅಭಿಷೇಕವಾಯಿತು. ಕಾರಣಕರ್ತರು ನಮ್ಮ ಯಜಮಾನರು. ಸಾಕ್ಷಿಗೆ ಊರಿನ ಅರ್ಧ ಜನ.

ನಡೆದದ್ದು ಹೀಗೆ. ನಮ್ಮ ಸರೋಜಕ್ಕನ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿಗೆ ಹೋಯಿತು. ಮಳೆಗಾಲಕ್ಕೆ ಮುಂಚೆಯೇ ಅಕ್ಕ, ಭಾವ ಗಂಟುಮೂಟೆ ಕಟ್ಟಿಕೊಂಡು ಹೊಸನಗರದ ಹತ್ತಿರದ ನಮ್ಮ ಮನೆಗೆ ಬಂದಿದ್ದರು. ಸರ್ಕಾರ ಕೊಟ್ಟ ಜಾಗ ನಮ್ಮೂರಿನ ಗುಡ್ಡದಾಚೆ ಇದೆ. ಅಲ್ಲಿ ಭಾವ ಹೊಸ ಮನೆ ಕಟ್ಟಿಸಿದ್ದಾರೆ. ವಿಜಯದಶಮಿಯ ಮಧ್ಯಾಹ್ನದೊಳಗೆ ಆ ಮನೆಯಲ್ಲಿ ಹಾಲು ಉಕ್ಕಬೇಕು. ತಪ್ಪಿದರೆ ದೀಪಾವಳಿ ಕಳೆಯುವ ತನಕ ಮುಹೂರ್ತವಿಲ್ಲ ಎಂದು ಭಟ್ಟರು ಹೇಳಿಬಿಟ್ಟಿದ್ದರು.

ತಂಗಿಯ ಮನೆಯಲ್ಲಿ ಅಕ್ಕನಿಗೆ ಏನು ಕಡಿಮೆಯಾಗಿತ್ತು ಎನ್ನುತ್ತೀರಾ? ಒಲೆ! ನಮ್ಮತ್ತೆಯ ಒಲೆಗೆ ನಮ್ಮತ್ತೆಯ ಹೊರತು ಇನ್ನೊಬ್ಬರು ಸೌದೆ ಒಟ್ಟುವ ಹಾಗಿಲ್ಲ. (ನನಗೇ ಇತ್ತೀಚೆಗೆ ಪರ್ಮಿಷನ್ ಸಿಕ್ಕಿದ್ದು.) ಬಂದವರಿಗೆಲ್ಲ ಬಡಿಸಿ ಕಳಿಸುತ್ತಿದ್ದ ಅಕ್ಕ ಈಗ ಒಂದು ಲೋಟ ಕಾಫಿಗೂ ಬೇರೆಯವರ ಮುಖ ನೋಡಬೇಕು. ಅದಕ್ಕೇ ಆ ದಿನ ಬೆಳಗಾಗುವ ಮೊದಲೇ ಟ್ರೇಲರಿಗೆ ಸಾಮಾನು ಹೇರಿಸಿ, ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿ ಕೂತಿದ್ದಳು. ಕೊಡಗಳಲ್ಲಿ ನೀರನ್ನೂ ನಮ್ಮ ಮನೆಯಿಂದಲೇ ತುಂಬಿಸಿಕೊಂಡಿದ್ದಳು. ಸರ್ಕಾರ ತೋಡಿಸುತ್ತೇನೆಂದ ಬಾವಿ ಹೊಸ ಜಾಗಕ್ಕೆ ಇನ್ನೂ ಬಂದಿರಲಿಲ್ಲ.

ಇನ್ನು ಟ್ರ್ಯಾಕ್ಟರ್ ವಿಷಯ. ಎತ್ತು ಮಾರಿ ತಂದ ಸೆಕೆಂಡ್ ಹ್ಯಾಂಡ್ ಗಾಡಿ. ಆಯುಧಪೂಜೆಗೆ ಉಳಿದವರು ಗಾಡಿಯ ಮೈ ತೊಳೆದರೆ ನಮ್ಮವರು ಹೊಟ್ಟೆಯನ್ನೂ ತೊಳೆದರು. ಡೀಸೆಲ್ ಪೈಪ್ ಬಿಚ್ಚಿ ಊದಿದರು. ಹಳೆಯ ಫಿಲ್ಟರ್ ತೆಗೆದು ಹೊಸದು ಹಾಕಿದರು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿದರು. ಹಬ್ಬದ ದಿನ ಯಾರನ್ನೂ ಅರೆಹೊಟ್ಟೆಯಲ್ಲಿ ಇಡಬಾರದಂತೆ! ಆಮೇಲೆ ಗಂಧ, ಕುಂಕುಮ, ಚೆಂಡುಹೂವಿನ ಹಾರ. ನಮ್ಮತ್ತೆ ತೇಯುವ ಗಂಧ ಬಲು ಗಟ್ಟಿ. ನಮ್ಮವರ ಕೈಯೋ ಬಲು ಧಾರಾಳ. ಲೈಟಿಗೆ, ಸ್ಟೇರಿಂಗಿಗೆ, ಟ್ಯಾಂಕಿನ ಮುಚ್ಚಳಕ್ಕೆ, ಎಲ್ಲಕ್ಕೂ ಬೊಟ್ಟು. ಅಷ್ಟು ಬೊಟ್ಟು ನನ್ನ ಮದುವೆಯಲ್ಲಿ ನನಗೂ ಇಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕೀ ತಿರುಗಿಸಿದರು. ಗುರ್ರ್ ಎಂದಿತು. ಮತ್ತೆ ಗುರ್ರ್. ಅಷ್ಟೇ.

“ಗಾಳಿ ಹೊಕ್ಕಿದೆ ಕಣೇ” ಎಂದರು ನಮ್ಮವರು, ನಾಡಿ ಹಿಡಿದ ಡಾಕ್ಟರ ಗತ್ತಿನಲ್ಲಿ.

ಪೈಪ್ ಬಿಚ್ಚಿದಾಗ ಒಳಗೆ ಗಾಳಿ ಸೇರುತ್ತದಂತೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಿದ್ದರೆ ಮೊದಲು ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಆಗ ಸ್ಕ್ರೂ ಬಿಗಿದರೆ ಸರಿಹೋಗುತ್ತದೆ. ಪಂಪಿಗೆ ಭಾವ ನಿಂತರು. ಸ್ಪ್ಯಾನರ್ ನನ್ನ ಕೈಗೆ ಬಂತು. (ಹೆಂಡತಿ ಇರುವುದು ಮತ್ತೇಕೆ?)

ಚೂರು ನೊರೆ ಬಂತು, ನಿಂತಿತು. ಭಾವ ಬೆವರಿಳಿಸಿಕೊಂಡು ಒತ್ತಿದರೂ ಒಂದು ಹನಿ ಇಲ್ಲ.

“ದೃಷ್ಟಿ ತಾಗಿದೆ” ಎಂದರು ನಮ್ಮತ್ತೆ. ಇನ್ನೊಂದು ಕಾಯಿ ಒಡೆದದ್ದಾಯಿತು. ನಿಂಬೆಹಣ್ಣೂ ಬಂತು. ಆದರೆ ಅದನ್ನು ಹಿಸುಕಲು ಚಕ್ರ ಉರುಳಬೇಕಲ್ಲ?

ಭಾವ ಸೊಂಟ ಹಿಡಿದುಕೊಂಡು ಹೇಳಿದರು, “ಎತ್ತಾಗಿದ್ರೆ ಬಾಲ ತಿರುಚಬಹುದಿತ್ತು ಮಾರಾಯ. ಇದ್ಕೆ ಎಂತ ತಿರುಚೋದು?”

ಬಿಸಿಲು ಏರುತ್ತಿತ್ತು. ಊರಿನ ಗಾಡಿಗಳೆಲ್ಲ ಹಬ್ಬಕ್ಕೆ ಹೋಗಿಬಿಟ್ಟಿದ್ದವು. ಅಕ್ಕನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಅವಳೇ ಟ್ರೇಲರಿನಿಂದ ಇಳಿದು ಬಂದಳು.

“ಡೀಸೆಲ್ ಇದ್ಯಾ ನೋಡಿದ್ರಾ?”

ನಮ್ಮವರಿಗೆ ಅವಮಾನವಾಯಿತು. “ಎಂತ ಅಕ್ಕಾ, ನಿನ್ನೆ ಬಾಯಿತನಕ ತುಂಬಿಸಿದೀನಿ! ಬೇಕಾದ್ರೆ ನೀವೇ ನೋಡಿ” ಎಂದು ಮುಚ್ಚಳ ತಿರುಗಿಸಿದರು.

ಸುಯ್! ಟ್ಯಾಂಕು ಉಸಿರೆಳೆದುಕೊಂಡಿತು. ಇತ್ತ ಭಾವ ಪಂಪ್ ಒತ್ತುತ್ತಲೇ ಇದ್ದರು. ಸ್ಕ್ರೂ ಸಂದಿಯಿಂದ ಡೀಸೆಲ್ ಚಿಮ್ಮಿತು, ನೇರ ನನ್ನ ಸೆರಗಿಗೆ.

ಮುಚ್ಚಳ ಹಾಕಿದರು, ಡೀಸೆಲ್ ನಿಂತಿತು. ತೆಗೆದರು, ಬಂತು. ನಮ್ಮವರು ಮುಚ್ಚಳವನ್ನು ಬಿಸಿಲಿಗೆ ಹಿಡಿದು ನೋಡಿದರು. ಅದರ ನೆತ್ತಿಯಲ್ಲಿ ಸೂಜಿಯಷ್ಟು ಸಣ್ಣ ತೂತು ಇರುತ್ತದೆ. ಡೀಸೆಲ್ ಇಳಿದಷ್ಟು ಗಾಳಿ ಒಳಗೆ ಹೋಗಲಿ ಎಂದು ಬಿಟ್ಟದ್ದು. ಅದರ ಮೇಲೆ ನಮ್ಮವರ ಧಾರಾಳದ ಬೊಟ್ಟು ಒಣಗಿ ಸಿಮೆಂಟಾಗಿತ್ತು! ಪಾಪ, ಗಾಳಿಯಾಡದೆ ಡೀಸೆಲ್ ಎಲ್ಲಿಂದ ಇಳಿದೀತು?

ಸರಿ, ಕೆರೆದು ತೆಗೆಯಬೇಕು. ಅಷ್ಟರಲ್ಲಿ ನಮ್ಮತ್ತೆ, “ಹಬ್ಬದ ದಿನ ಪೂಜೆ ಕುಂಕುಮ ಕೆರೀತೀಯನಾ? ಅಪಶಕುನ!” ಎಂದು ಗದರಿದರು. ನಮ್ಮವರು ಮುಚ್ಚಳವನ್ನು ತೀರ್ಥದ ಬಟ್ಟಲಿನ ಹಾಗೆ ಹಿಡಿದು ನಿಂತುಬಿಟ್ಟರು. ಅತ್ತ ಅಮ್ಮ, ಇತ್ತ ಟ್ರ್ಯಾಕ್ಟರ್.

ಅಕ್ಕ ತಲೆಯಿಂದ ಹೇರ್‌ಪಿನ್ ಕಿತ್ತು, ಮುಚ್ಚಳ ಇಸಕೊಂಡು, ತೂತಿಗೆ ಚುಚ್ಚಿದಳು.

“ದೇವ್ರಿಗೂ ಉಸಿರಾಡೋಕೆ ಒಂಚೂರು ಜಾಗ ಬೇಕಲ್ಲಮ್ಮ” ಎಂದಳು. ನಮ್ಮತ್ತೆ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. (ಇಂಥ ದೃಶ್ಯ ನಾನು ಈ ಮನೆಗೆ ಬಂದಮೇಲೆ ಕಂಡಿರಲಿಲ್ಲ.)

ಭಾವ ಪಂಪ್ ಒತ್ತಿದರು. ನೊರೆ ಹೋಗಿ ತಿಳಿ ಡೀಸೆಲ್ ಬಂತು. ನಾನು ಸ್ಕ್ರೂ ಬಿಗಿದೆ. ಬ್ಯಾಟರಿ ಇನ್ನೇನು ಸತ್ತಿತು ಅನ್ನುವಾಗ ಇಂಜಿನ್ ಕರಿಹೊಗೆ ಕಾರಿ ಎದ್ದುಕೂತಿತು. ನನಗೆ ಅಳುವೇ ಬಂದುಬಿಟ್ಟಿತು. ಸೀರೆಗಾಗಿ ಅಂತ ನಮ್ಮವರು ತಿಳಿದುಕೊಂಡಿದ್ದಾರೆ, ಹಾಗೇ ಇರಲಿ, ಹೊಸದು ಬರಬಹುದು.

ಮಧ್ಯಾಹ್ನಕ್ಕೆ ಮುಂಚೆ ಹೊಸ ಒಲೆಯಲ್ಲಿ ಹಾಲು ಉಕ್ಕಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅಕ್ಕ ಮೊದಲ ಕಾಫಿಯನ್ನು ತಾನೇ ಕುಡಿದಳು. ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ಜೀಪೊಂದು ಬಂತು. ಊರು ಬಿಟ್ಟುಕೊಟ್ಟವರಿಗೆ ಸನ್ಮಾನ ಮಾಡಲು ಮುಖಂಡರೊಬ್ಬರು ಬಂದಿದ್ದರು. ಬಾವಿ ವಿಷಯ ಕೇಳಿಯೇ ಕೇಳ್ತೀನಿ ಎಂದು ಭಾವ ಒಂದು ವಾರದಿಂದ ನಮ್ಮೆದುರು ಪ್ರಾಕ್ಟೀಸ್ ಮಾಡಿದ್ದರು. ಆದರೆ ಮುಖಂಡರು “ನಾಡಿನ ಬೆಳಕಿಗಾಗಿ ತ್ಯಾಗ ಮಾಡಿದ ಮಹನೀಯರು” ಎಂದು ಗಲ್ಲದವರೆಗೆ ಬರುವ ದಪ್ಪ ಹಾರ ಹಾಕಿದ್ದೇ ತಡ, ಭಾವನ ಬಾಯಿಂದ “ಬಹಳ ಸಂತೋಷ” ಎಂಬುದರ ಹೊರತು ಇನ್ನೇನೂ ಹೊರಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮುಖಂಡರು ಜೀಪಿನ ಕಡೆ ತಿರುಗಿದರು.

ಅಕ್ಕ ಹೊರಗೆ ಬಂದಳು. ಗಂಡನ ಕೊರಳಿನ ಹಾರವನ್ನು ಮೆಲ್ಲಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದಳು:

“ಸ್ವಾಮಿ, ಬಾವಿ ಯಾವಾಗ ತೋಡಿಸ್ತೀರಿ?”