ಕತ್ತಿಯ ಮೇಲಿನ ಹಡಗು

ನನ್ನ ಬಳಿ ಹದಿನೇಳು ಕ್ಷೌರದ ಕತ್ತಿಗಳುಂಟು. ಬ್ಲೇಡು ಬದಲಿಸುವ ಈಗಿನವಲ್ಲ. ಕಲ್ಲಿಗೆ ಮಸೆದು, ಚರ್ಮದ ಪಟ್ಟಿಗೆ ಎಳೆದು ಹದ ಮಾಡುತ್ತಿದ್ದ, ಹಿಡಿಯೊಳಗೆ ಮಡಚಿಕೊಳ್ಳುವ ಹಳೆಯವು. ಒಂದು ಕಡಬದ ಕಡೆ ರಬ್ಬರು ಗಿಡಕ್ಕೆ ಕಸಿ ಕಟ್ಟುವ ಕೆಲಸದಲ್ಲಿತ್ತು, ಇನ್ನೊಂದು ಸುಳ್ಯದ ಗುಜರಿ ಅಂಗಡಿಯಲ್ಲಿ ಸಿಕ್ಕಿತು. "ಗಡ್ಡ ಇಲ್ಲದವಳಿಗೆ ಇಷ್ಟು ಕತ್ತಿ ಎಂತಕ್ಕೆ ಮಾರಾಯ್ತಿ? ನಾನು ಧೈರ್ಯದಲ್ಲಿ ಮಲಗುದು ಹೇಗೆ?" ಎಂದು ಗಂಡ ನೆಂಟರನ್ನು ನಗಿಸುತ್ತಾರೆ. ಎಂತಕ್ಕೆಂದು ನನಗೂ ಸರಿಯಾಗಿ ಗೊತ್ತಿಲ್ಲ. ತೆರೆಯುವಾಗ ಆಗುವ ಆ ಸಣ್ಣ ಸದ್ದು ಇಷ್ಟ.

ಹದಿನೆಂಟನೆಯದು ನನ್ನದಲ್ಲ, ಬೆಳ್ಳಾರೆಯ ಒಬ್ಬ ಅಜ್ಜನದು. ಜೀವಮಾನವಿಡೀ ಕ್ಷೌರ ಮಾಡಿ ಕೆಲಸ ಬಿಟ್ಟವರು. "ಕೊಡಿ ಅಂತ ಕೇಳುದು ಬೇಡ. ನೋಡ್ಲಿಕ್ಕೆ ಬೇಕಾದರೆ ಬಾ" ಎಂದು ಮೊದಲ ದಿನವೇ ಹೇಳಿದ್ದರು. ಅಲಗಿನ ಮೇಲೆ ಹಾಯಿ ಬಿಚ್ಚಿದ ಹಡಗು, ಕೂದಲೆಳೆಯಂಥ ಗೆರೆಗಳಲ್ಲಿ, ಚಿನ್ನದ ನೀರು ಹಾಕಿದ್ದು. ಅಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಪ್ಪನ ಕೈಯಿಂದ ಅವರಿಗೆ ಬಂದದ್ದು. ಸಮುದ್ರ ನೋಡುವುದಕ್ಕಿಂತ ಎಷ್ಟೋ ಮೊದಲು ಅವರು ಹಡಗು ನೋಡಿದ್ದು ಅದರಲ್ಲಂತೆ.

ಕಣ್ಣಿನ ಪೊರೆ ಬಲಿತು ಎರಡು ವರ್ಷದಿಂದ ಅವರಿಗೆ ಆ ಹಡಗು ಕಾಣುತ್ತಿರಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾದಾಗ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ತುಕ್ಕು ಹಿಡಿದದ್ದು ಬೆರಳಿಗೆ ಗೊತ್ತಾಗ್ತದೆ ಮಗಾ. ತೆಗೆದು ಕೊಡು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನನಗೆ ಮೊದಲು ಅದನ್ನು ನೋಡ್ಲಿಕ್ಕುಂಟು."

ನನ್ನ ಕ್ರಮ ಎಣ್ಣೆ ಮತ್ತು ಹಳೆಯ ಹತ್ತಿ ಸೀರೆಯ ತುಂಡು. ಐದು ದಿನ ಉಜ್ಜಿದೆ. ಹಡಗಿನ ಅಡಿಯ ಒಂದು ಕಲೆ ಮಾತ್ರ ಜಗ್ಗಲಿಲ್ಲ. ಆರನೆಯ ದಿನ ಅಂಗಳದಲ್ಲಿ ಬಿಂಬುಳಿ ಉದುರಿ ಬಿದ್ದಿತ್ತು. ತವರಿನಲ್ಲಿ ಅಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ತುಕ್ಕನ್ನು ತೆಗೆಯುತ್ತಿದ್ದದ್ದು ಆ ಹುಳಿಕಾಯಿಯಿಂದಲೇ. ಒಂದು ಹೋಳು ತಿಕ್ಕಿದೆ. ಕಲೆ ಕರಗುತ್ತಾ ಬಂತು. ಆಗಲೇ ನಿಲ್ಲಿಸಬೇಕಿತ್ತು. ಪೂರ್ತಿ ಹೊಳೆಯಲಿ ಎಂಬ ಆಸೆಯಿಂದ ನಾಲ್ಕು ಕಾಯಿ ಜಜ್ಜಿ ಅಲಗಿಗೆಲ್ಲ ಮೆತ್ತಿ, ಬಾಳೆಲೆಯಲ್ಲಿ ಸುತ್ತಿಟ್ಟು ಅಡುಗೆಗೆ ಹೋದೆ. ಅನ್ನ ಬಸಿದು, ಬಟ್ಟೆ ಒಣಹಾಕಿ, ಊಟ ಮುಗಿಸಿ ಬಂದು ತೆಂಗಿನ ನಾರಿನಿಂದ ತಿಕ್ಕಿ ತೊಳೆದೆ.

ಅಲಗು ಬೂದಿ ಬಣ್ಣಕ್ಕೆ ತಿರುಗಿತ್ತು. ಹಡಗು ಇರಲಿಲ್ಲ.

ಬಿಸಿಲಿಗೆ ಹಿಡಿದೆ, ಟಾರ್ಚು ಬಿಟ್ಟು ನೋಡಿದೆ, ಗೆರೆ ಎದ್ದೀತೆಂದು ಮಸಿ ಸವರಿದೆ. ಓರೆ ಮಾಡಿದರೆ ಹಾಯಿಕಂಬದ ಅರ್ಧ ಗೆರೆಯಂಥದ್ದೇನೋ ಇತ್ತು, ಅದೂ ನನ್ನ ಭ್ರಮೆಯೋ ಏನೋ.

ಮರುದಿನ ಪುತ್ತೂರಿಗೆ ಓಡಿದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವರಿಗೆ ಹಿಂದೊಮ್ಮೆ ಮೊಬೈಲಿನಲ್ಲಿ ತೆಗೆದಿಟ್ಟಿದ್ದ ಹಡಗಿನ ಫೋಟೋ ತೋರಿಸಿದೆ.

"ಅಕ್ಕ, ನಾನು ಚೆಂಬಿಗೆ ಹೆಸರು ಬರೆಯುವವ. ಹೆಚ್ಚೆಂದರೆ ಒಂದು ಹೂ. ಹಡಗು ಬರೆದ್ರೆ ಬಾತುಕೋಳಿ ಆಗ್ತದೆ."

"ಒಮ್ಮೆ ನೋಡಿ ಮಾರಾಯ್ರೆ, ನಿಮ್ಮ ಕಾಲಿಗೆ ಬೀಳ್ತೇನೆ."

ಒಂದು ಹಾಳು ಸೌಟಿನ ಮೇಲೆ ಬರೆದು ತೋರಿಸಿದರು. ನಿಜಕ್ಕೂ ಬಾತುಕೋಳಿ. ನಗು ಬಂತು, ಹಿಂದೆಯೇ ಅಳು. ಅವರು ಗಾಬರಿಯಾಗಿ ಮೆಷಿನು ನಿಲ್ಲಿಸಿದರು.

"ಯಾರದ್ದು ಕತ್ತಿ?"

"ಒಬ್ಬ ಅಜ್ಜನದ್ದು."

"ಅಜ್ಜನಿಗೆ ಕಣ್ಣು ಕಾಣ್ತದಾ?"

ಕುಂಬ್ರದ ಮನೆಗೆ ಮರಳುವ ಬಸ್ಸಿನಲ್ಲಿ ಆ ಪ್ರಶ್ನೆಯೇ ಕೊರೆಯುತ್ತಿತ್ತು. ಕಾಣದೇ ಹೋದರೆ? ವಯಸ್ಸಾಗಿದೆ, ಎಲ್ಲರ ಆಪರೇಷನ್ನೂ ಸರಿಯಾಗುತ್ತದೆಂದು ಉಂಟೇ? ಅವರ ಕಣ್ಣು ಬಾರದಿರಲಿ ಎಂದು ನಾನು ಆಸೆಪಟ್ಟೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಪಟ್ಟದ್ದು ಹೌದು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಅವರು ಹೇಳಿದ್ದ ದಿನ ಬೆಳ್ಳಾರೆಗೆ ಹೋದೆ. ಅಜ್ಜ ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕಾಯುತ್ತಿದ್ದರು. ಬಟ್ಟೆ ಬಿಚ್ಚಿ ಕತ್ತಿ ಕೊಟ್ಟೆ. ಕನ್ನಡಕ ತೆಗೆದು ಅಲಗನ್ನು ಬೆಳಕಿಗೆ ತಿರುಗಿಸಿದರು. ಆಚೆ ಈಚೆ ಮಾಡಿದರು.

"ಗೋಡೆಯ ಕ್ಯಾಲೆಂಡರು ಕಾಣ್ತದೆ. ಇದು ಕಾಣುದಿಲ್ಲ" ಎಂದರು. "ಕಣ್ಣು ಇನ್ನೂ ಪೂರ್ತಿ ಬರ್ಲಿಲ್ಲವೋ ಎಂತದೋ."

ಸೊಸೆ ಒಳಗಿಂದ ಬಂದು, "ಮದ್ದಿನ ಹೊತ್ತಾಯ್ತು ಮಾವ, ಬಿಟ್ಟು ನೋಡುವ" ಎಂದಳು. ಅವರು ಮಗುವಿನ ಹಾಗೆ ತಲೆ ಹಿಂದಕ್ಕೆ ಚಾಚಿದರು. ಎರಡು ಹನಿ. ಸ್ವಲ್ಪ ಹೊತ್ತು ಮುಚ್ಚಿಕೊಂಡಿದ್ದು, ಕಣ್ಣು ಬಿಟ್ಟು ಮತ್ತೆ ಕತ್ತಿಯನ್ನು ಎತ್ತಿ ಹಿಡಿದರು.

"ಅಜ್ಜ, ನಿಮ್ಮ ಕಣ್ಣು ಸರಿ ಉಂಟು" ಎಂದೆ. "ಹಡಗೇ ಇಲ್ಲ. ನಾನು ಬಿಂಬುಳಿ ಹಾಕಿದೆ."

ಸೊಸೆ ನನ್ನನ್ನೇ ನೋಡಿದಳು. ಅಜ್ಜ ಬೈಯಲಿಲ್ಲ. ಅಲಗಿನ ಮೇಲೆ ಹೆಬ್ಬೆರಳು ಎಳೆದರು.

"ತುಕ್ಕು ಹೋಗಿದೆ" ಎಂದರು.

ಮೊಬೈಲಿನ ಫೋಟೋ ಮುಂದೆ ಹಿಡಿದೆ. ಅವರು ಅತ್ತ ತಿರುಗಲಿಲ್ಲ. ಕತ್ತಿ ಮಡಚಿ ಮಡಿಲಲ್ಲಿಟ್ಟು, ಕನ್ನಡಕ ಹಾಕಿಕೊಂಡರು.

"ನಿನ್ನ ಬಸ್ಸು ಎಷ್ಟಕ್ಕೆ?"

"ನಾಲ್ಕಕ್ಕೆ."

"ಹಾಗಾದರೆ ಹೊರಡು. ತಪ್ಪಿಹೋಗ್ತದೆ."